ಹಳದಿಯಾದ ಕೇರಿ

ಮೊನ್ನೆ ಸಂಜೆ ನಮ್ಮ ಬೀದಿಗೆ ಸೊಳ್ಳೆ ಹೊಗೆಯ ಗಾಡಿ ಬಂತು. ಕಿಟಕಿ ಮುಚ್ಚುವಷ್ಟರಲ್ಲಿ ಡೀಸೆಲ್ಲೂ ಔಷಧಿಯೂ ಬೆರೆತ ಆ ಕಮಟು ಒಳಗೆ ನುಗ್ಗಿ, ಒಲೆಯ ಮೇಲಿದ್ದ ಹಾಲಿಗೂ ಅಂಟಿಕೊಂಡಿತು. ಹಾಲನ್ನು ಚೆಲ್ಲುವಾಗ ಮ್ಯಾಪ್ ಸಾರ್ ನೆನಪಾದರು, ಜೊತೆಗೇ ಸಿಟ್ಟೂ ಬಂತು. ತೀರಿಹೋದವರ ಮೇಲೆ ಎಂಥ ಸಿಟ್ಟು ಎಂದು ನನ್ನ ಗಂಡ ಕೇಳುತ್ತಾರೆ. ಇದೆ, ಏನು ಮಾಡಲಿ...

ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿದ್ದ ವರ್ಷ ಅದು. ನಾನಾಗ ಇದೇ ಗುಂಡ್ಲುಪೇಟೆಯಲ್ಲಿ ಮನೆ ಮನೆ ತಿರುಗುವ ಆರೋಗ್ಯ ಸಹಾಯಕಿ. ರೋಗ ಎಲ್ಲೆಲ್ಲಿದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ನಮಗೆ ಕಲಿಸಲು ಗುತ್ತಿಗೆಯ ಮೇಲೆ ಒಬ್ಬರು ಬಂದರು. ಹರದನಹಳ್ಳಿಯವರು, ಹೆಗಲ ಚೀಲದ ತುಂಬ ಸಿ.ಡಿ.ಗಳು. ಎಲ್ಲರ ಬಾಯಲ್ಲೂ ಅವರು ಮ್ಯಾಪ್ ಸಾರ್. ಕೇಳಿದವರಿಗೆಲ್ಲ ನಕ್ಷೆ ಮಾಡುವ ತಂತ್ರಾಂಶವನ್ನು ಪುಕ್ಕಟೆ ಹಂಚುತ್ತಿದ್ದರು. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಅದರಲ್ಲಿ ಮುಚ್ಚುಮರೆಯೇ ಇಲ್ಲ ಎನ್ನುವಾಗ ಅವರ ಮುಖ ಅರಳುತ್ತಿತ್ತು.

ಒಳ್ಳೆಯ ಮೇಷ್ಟ್ರು, ಅದನ್ನು ಇಲ್ಲ ಅನ್ನಲಾರೆ. ಮೌಸ್ ಹಿಡಿದೇ ಗೊತ್ತಿರದ ನನ್ನ ಕೈಗೆ ಬೀದಿಗಳ ಗೆರೆ ಎಳೆಯುವುದನ್ನು, ಜ್ವರ ಬಂದ ಮನೆಗೆ ಚುಕ್ಕಿ ಇಡುವುದನ್ನು, ಬೀದಿಗಳಿಗೆ ಬಣ್ಣ ತುಂಬುವುದನ್ನು ಕಲಿಸಿದರು. ಜ್ವರ ಕಡಿಮೆಯಿದ್ದರೆ ಹಳದಿ, ಹೆಚ್ಚಿದ್ದರೆ ಕೆಂಪು. ಎಷ್ಟಾದರೆ ಕೆಂಪು ಅನ್ನುವುದನ್ನು ಮಾತ್ರ ನಾವೇ ತೀರ್ಮಾನಿಸಬೇಕು.

"ಆ ಮಿತೀನ ನಕ್ಷೆ ನೋಡೋಕೆ ಮುಂಚೆನೇ ಹಾಕ್ಕೊಬೇಕು ಸಿಸ್ಟರ್. ನೋಡಿದ್ ಮೇಲೆ ಜರುಗಿಸಿದ್ರೆ ಅದು ಮೋಸ" ಎಂದಿದ್ದರು.

ಕೆಂಪು ಬಂದದ್ದು ಊರ ಕೊನೆಯ ಕೇರಿಗೆ. ನಲ್ಲಿಯ ನೀರು ಅಲ್ಲಿಗೆ ಮುಟ್ಟುತ್ತಿದ್ದದ್ದೇ ಅಪರೂಪ. ಬಂದ ದಿನ ಹಿಡಿದು ಡ್ರಮ್ಮುಗಳಲ್ಲಿ ಇಟ್ಟುಕೊಳ್ಳುತ್ತಿದ್ದರು, ಸೊಳ್ಳೆ ಮೊಟ್ಟೆ ಇಡುತ್ತಿದ್ದದ್ದೂ ಅದರಲ್ಲೇ. ಹೊಗೆ ಗಾಡಿ ಮಾತ್ರ ಬಸ್ ಸ್ಟ್ಯಾಂಡಿನ ಸುತ್ತಲೇ ಸುತ್ತುತ್ತಿತ್ತು. ನೀರು ಚೆಲ್ಲಿ ಡ್ರಮ್ ಉಜ್ಜಿ ಒಣಗಿಸಿ ಎಂದು ಹೇಳಲು ಸಾರ್ ಮತ್ತು ನಾನು ಹೋದೆವು. ಮೊಣಕಾಲು ಊದಿ ಹೊಸಿಲ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನನ್ನೇ ಕೇಳಿದಳು.

"ಇದ ಚೆಲ್ಬುಟ್ರೆ ಕುಡಿಯಾಕ್ ಏನವ್ವ ಮಾಡನ?"

ಸಾರ್ ಅವಳೆದುರು ಕುಕ್ಕರಗಾಲಲ್ಲಿ ಕೂತರು. "ಈ ಮ್ಯಾಪ ಚಾಮರಾಜನಗರದ ಮೀಟಿಂಗಲ್ಲಿ ತೋರುಸ್ತೀನಿ ಕಣಜ್ಜಿ. ನಿಮ್ ಕೇರಿಗೆ ದಿನಾ ಟ್ಯಾಂಕರ್ ಬರಂಗೆ ಮಾಡ್ತೀನಿ" ಎಂದು ಮಾತು ಕೊಟ್ಟರು.

ಅಜ್ಜಿ ಸೊಸೆಗೆ ಕಣ್ಸನ್ನೆ ಮಾಡಿದಳು. ನೋಡನೋಡುತ್ತ ಕೇರಿಯ ಹೆಂಗಸರೆಲ್ಲ ಹಿಡಿದಿಟ್ಟ ನೀರನ್ನು ಮೋರಿಗೆ ಸುರಿದರು. ನಮ್ಮ ಮಾತಿನ ಮೇಲೆ ಸುರಿದರು.

ಮೀಟಿಂಗಿನಲ್ಲಿ ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ಗೋಡೆಯ ಮೇಲೆ ಬಿದ್ದ ಕೆಂಪನ್ನು ನೋಡಿ ದೊಡ್ಡ ಸಾಹೇಬರೊಬ್ಬರು, "ನಾಳೆ ಮಂತ್ರಿಗಳು ಬರ್ತಾರೆ, ಇದನ್ನ ಹೀಗೇ ತೋರಿಸೋಕಾಗುತ್ತೇನ್ರೀ?" ಎಂದು ನಗುತ್ತಲೇ ಕೇಳಿದರು. ಸಾರ್ ಒಮ್ಮೆ ನನ್ನ ಕಡೆ ನೋಡಿದರು... ನೋಡಿದ ಹಾಗೆ ನೆನಪು. ಆಮೇಲೆ ಮೌಸ್ ಹಿಡಿದು ಕೆಂಪಿನ ಮಿತಿಯನ್ನು ಮೇಲಕ್ಕೆ ಜರುಗಿಸಿದರು. ಕೇರಿ ಹಳದಿಯಾಯಿತು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ಟ್ಯಾಂಕರಿನ ಮಾತು ಎತ್ತಿದೆ. "ಕೂತ್ಕೊಳಮ್ಮ, ಟೀ ಬರ್ತಾ ಇದೆ" ಅಂದರು ಸಾಹೇಬರು. ಸಾರ್ ಮುಂದಿನ ನಕ್ಷೆ ತೆರೆದರು.

ವಾಪಸ್ಸು ಬರುವ ಬಸ್ಸಿನಲ್ಲಿ ಅವರು ಮೆಲ್ಲಗೆ ಹೇಳಿದರು. "ಒಂದು ಅಂಕಿನೂ ನಾನು ಮುಟ್ಟಿಲ್ಲ ಸಿಸ್ಟರ್. ಬೇಕಾದ್ರೆ ಬಿಚ್ಚಿ ನೋಡಿ."

ಅದು ನಿಜವೇ, ಜ್ವರದ ಲೆಕ್ಕ ಇದ್ದ ಹಾಗೇ ಇತ್ತು, ಜರುಗಿದ್ದು ಮಿತಿ ಮಾತ್ರ. ನನ್ನ ಹೊಟ್ಟೆ ಉರಿಸಿದ್ದೂ ಅದೇ. ಏನೂ ತಿಳಿಯದವರು ಮಾಡಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಇದು ಮೋಸ ಎಂದು ನನಗೆ ಬೆರಳಿಟ್ಟು ತೋರಿಸಿಕೊಟ್ಟವರೇ ಅವರು. ಗುತ್ತಿಗೆ ಮುಗಿದರೆ ಮನೆ ನಡೆಯುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು. ಆದರೆ ಅವರು ಇನ್ನೊಂದು ತಾಲ್ಲೂಕಿಗೆ ಕಲಿಸಲು ಹೊರಟುಹೋದರು, ಮಾರನೆಯ ದಿನ ಕೇರಿಗೆ ಹೋಗಬೇಕಾದವಳು ನಾನು. ಅಜ್ಜಿ ಒಣಗಿದ ಡ್ರಮ್ಮನ್ನು ತೋರಿಸಿ, "ಎಲ್ಲವ್ವ ನಿಮ್ ಟ್ಯಾಂಕರು?" ಎಂದಳು. ಆಮೇಲೆ ಆ ಕೇರಿಯಲ್ಲಿ ಯಾರೂ ನನಗೆ ಡ್ರಮ್ಮಿನ ಮುಚ್ಚಳ ಮುಟ್ಟಲು ಬಿಡಲಿಲ್ಲ.

ಸಾರ್ ತೀರಿಕೊಂಡದ್ದು ಸಂತೆಮರಹಳ್ಳಿಯ ಬಸ್ಸಿನಲ್ಲಿ ಸಿಕ್ಕಿದ ಹಳೆಯ ಸಹೋದ್ಯೋಗಿಯಿಂದ ತಿಳಿಯಿತು. ಅವರೊಂದಿಗೆ ಆಡಬೇಕಿದ್ದ ಜಗಳ ಹಾಗೇ ಉಳಿಯಿತು. ಈಗ ಹೊಸ ಹುಡುಗಿಯರಿಗೆ ನಕ್ಷೆ ಕಲಿಸುವವಳು ನಾನು. ಮಿತಿ ಜರುಗಿಸಿದರೆ ಮೋಸ ಎಂದು ಅವರದೇ ಮಾತಿನಲ್ಲಿ ಹೇಳುತ್ತೇನೆ. ಅಷ್ಟು ಚೆನ್ನಾಗಿ ಹೇಳಲು ನನಗೆ ಬೇರೆ ಮಾತು ಸಿಕ್ಕಿಲ್ಲ...

ಹಾಲು ಚೆಲ್ಲಿ ಹೊರಗೆ ಬಂದರೆ, ಹೊಗೆ ಗಾಡಿ ನಮ್ಮ ಬೀದಿ ಮುಗಿಸಿ ತಿರುವಿನಲ್ಲೇ ಹಿಂದಕ್ಕೆ ಹೊರಳುತ್ತಿತ್ತು. ಆ ತಿರುವಿನಾಚೆಗೇ ಅಜ್ಜಿಯ ಕೇರಿ. ಓಡಿಹೋಗಿ ಅಡ್ಡ ನಿಂತು, ಅಲ್ಲಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. ಡ್ರೈವರ್ ತನ್ನ ಫೋನನ್ನು ನನ್ನ ಮುಂದೆ ಹಿಡಿದ.

"ಅಲ್ಲಿಗೆ ಓಗಂಗಿಲ್ಲ ಕಣಕ್ಕ. ಮ್ಯಾಪಲ್ಲಿ ಆ ಬೀದಿ ಹಳದಿ ಅದೆ."