ತಂಗಿಯ ಬಲ ದವಡೆ

ನನ್ನ ಗೆಳೆಯ ಮಂಗಳವಾರ ಬೆಳಗಿನ ಜಾವ ತೀರಿಕೊಂಡ. ಹೃದಯ ಬಹಳ ದಿನಗಳಿಂದ ಸೋಲುತ್ತಾ ಬಂದಿತ್ತು.

ಇಬ್ಬರೂ ಹಲ್ಲಿನ ಡಾಕ್ಟರುಗಳು. ಒಂದೇ ಮಹಡಿಯಲ್ಲಿ ಅವನದೊಂದು ಕೋಣೆ, ನನ್ನದೊಂದು. ನಡುವೆ ರೋಗಿಗಳು ಕೂರುವ ಬೆಂಚು ಇಬ್ಬರಿಗೂ ಸೇರಿದ್ದು. ಈಗ ಅವನ ಬಾಗಿಲಿಗೆ ಬೀಗ ಬಿದ್ದಿದೆ. ಬಂದವರು ನನ್ನನ್ನು ಕೇಳುತ್ತಾರೆ, ಹೇಳುತ್ತೇನೆ. ಹೇಳಿ ಹೇಳಿ ಯಾರೋ ಬೇರೆಯವರ ಸುದ್ದಿಯಂತೆ ಕೇಳಿಸತೊಡಗಿದೆ.

ನಾವು ಕೆಲಸ ಕಲಿತ ಕಾಲದಲ್ಲಿ ಪಾಠ ಒಂದೇ: ಹುಳುಕನ್ನು ಪೂರ್ತಿ ತೆಗೆಯಬೇಕು. ಕೆರೆಯುವ ಪುಟ್ಟ ಚಮಚದ ಕೆಳಗೆ ಹಲ್ಲು ಕಿರ್ರೆನ್ನುವ ತನಕ ಕೈ ನಿಲ್ಲಿಸಬಾರದು. ಅವನ ಕೈ ಆ ಸದ್ದಿಗೆ ಒಗ್ಗಿಹೋಗಿತ್ತು. ತನ್ನ ತಂಗಿಯ ಎಡ ದವಡೆಯ ಹಲ್ಲನ್ನೂ ಹಾಗೆಯೇ ಕೆರೆದ. ತಳದಲ್ಲಿ ಕೆಂಪು ಚುಕ್ಕೆ ಕಾಣಿಸಿತು; ನರ ತೆರೆದುಕೊಂಡಿತ್ತು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದ. ಕೆಲವು ವರ್ಷಗಳ ಮೇಲೆ ಅದು ಉದ್ದಕ್ಕೆ ಸೀಳಿತು. ಕಿತ್ತವನೂ ಅವನೇ. ಬರಬರುತ್ತ ಅದರ ಅಕ್ಕಪಕ್ಕದವೂ ಹೋದವು.

ಅವನ ಜೊತೆಗೇ ಇದ್ದ ತಂಗಿ ದರ್ಜಿ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು. "ಹಲ್ಲಿನ ಡಾಕ್ಟರ ತಂಗಿ ನಾನು, ನೋಡ್ಕೊಳ್ಳಿ," ಎಂದು ಖಾಲಿ ಜಾಗ ತೋರಿಸಿ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಊಟಕ್ಕೆ ಕೂತಾಗ ಮಾತ್ರ, ಅವಳು ತುತ್ತನ್ನು ಬಲಗಡೆಗೆ ತಳ್ಳಿಕೊಳ್ಳುವುದು ಕಂಡರೆ ಮುಖ ತಿರುಗಿಸುತ್ತಿದ್ದ.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಬಾಗಿಲು ಹಾಕಿಕೊಂಡು ಹೊಸ ಸಂಶೋಧನೆಗಳನ್ನು ಓದುತ್ತಿದ್ದೆವು. ಒಬ್ಬ ಓದಬೇಕು, ಇನ್ನೊಬ್ಬ ತಕರಾರು ತೆಗೆಯಬೇಕು. ಹುಳುಕು ಆಳವಾಗಿದ್ದರೆ ನರದ ಮೇಲಿನ ಮೆತ್ತಗಿನ ಪದರವನ್ನು ಹಾಗೆಯೇ ಬಿಟ್ಟು, ಅಂಚನ್ನಷ್ಟೇ ಚೊಕ್ಕ ಮಾಡಿ ಭದ್ರವಾಗಿ ಮುಚ್ಚಬೇಕು, ನರ ಉಳಿಯುವ ಸಾಧ್ಯತೆ ಹೆಚ್ಚು ಎಂಬ ಬರಹ ಅವನ ಸರದಿಗೆ ಬಂತು. ಓದಿ ಮುಗಿಸಿ ಕನ್ನಡಕ ತೆಗೆದ.

"ಅಂದ್ರೆ ಅವಳ ಹಲ್ಲು ಉಳೀತಿತ್ತೇನೋ."

"ಆವಾಗ ಯಾರಿಗೆ ಗೊತ್ತಿತ್ತು, ಬಿಡಪ್ಪ."

"ಹೋಗಿ ಅವಳ ಹಲ್ಲಿಗೆ ಹೇಳು ಅದನ್ನ."

ಅವನ ತಲೆ ಒಪ್ಪಿತು, ಕೈ ಒಪ್ಪಲಿಲ್ಲ. ಮೆತ್ತಗಿನದನ್ನು ಬಿಟ್ಟು ಮುಚ್ಚುವುದೆಂದರೆ ಮುಸುರೆ ಪಾತ್ರೆಯನ್ನು ತೊಳೆಯದೆ ಬೋರಲು ಹಾಕಿದ ಹಾಗೆ ಎನ್ನುತ್ತಿದ್ದ. ಎಷ್ಟೋ ಸಲ ಇನ್ನೊಂದು ಸುತ್ತು ಕೆರೆದು, ನರ ತೆರೆದುಕೊಂಡ ಮೇಲೆ ನನ್ನ ಕೋಣೆಗೆ ಬಂದು ಕೂರುತ್ತಿದ್ದ.

ಈ ವರ್ಷ ತಂಗಿಯ ಬಲ ದವಡೆ ನೋಯತೊಡಗಿತು. ಎಕ್ಸ್‌ರೇಯಲ್ಲಿ ಹುಳುಕು ನರದ ನೆತ್ತಿಯವರೆಗೂ ಇಳಿದಿತ್ತು. ಆ ಹಲ್ಲೂ ಹೋದರೆ ಅವಳಿಗೆ ಅಗಿಯಲು ಆಸರೆಯೇ ಇಲ್ಲ. ಅಷ್ಟರಲ್ಲಿ ಅವನಿಗೆ ನಾಲ್ಕು ಹೆಜ್ಜೆಗೇ ಏದುಸಿರು. ನಾನು ಮಾಡುತ್ತೇನೆಂದೆ. "ಒಂದು ಕಳೆದಿದ್ದೀನಿ, ಒಂದು ಉಳಿಸಿಕೊಟ್ಟು ಹೋಗ್ತೀನಿ," ಎಂದ.

"ನಿನ್ನ ಕೈ ಸುಮ್ನಿರುತ್ತಾ ಅಣ್ಣಾ?" ತಂಗಿ ಕೇಳಿದಳು.

"ನೀನು ಬಾಯಿ ತೆಗಿ. ಹುಟ್ಟಿದಾಗಿಂದ ಇವತ್ತೊಂದಿನ ನಾನೊಬ್ನೇ ಮಾತಾಡ್ತೀನಿ."

ಪಕ್ಕದಲ್ಲಿ ನಿಂತು ನಾನು ಉಗುಳು ಎಳೆಯುವ ಕೊಳವೆ ಹಿಡಿದಿದ್ದೆ. ಅಂಚನ್ನು ಕಿರ್ರೆನ್ನುವ ತನಕ ಕೆರೆದ. ತಳದಲ್ಲಿ ತೊಗಲಿನಂಥ ಪದರ ಸಿಕ್ಕಿತು. ಚಮಚ ಅದರ ಮೇಲೆ ನಿಂತಿತು, ತುಸು ಒತ್ತಿತು. "ತಗೋ, ಇದನ್ನ ದೂರ ಇಡು," ಎಂದು ಚಮಚವನ್ನು ನನಗೆ ಕೊಟ್ಟು, ಸಿಮೆಂಟು ತುಂಬಿ ಮುಚ್ಚಿದ.

ನರ ಬದುಕಿತೇ ಎಂಬುದು ತಿಂಗಳುಗಳ ಮೇಲೆ ತಿಳಿಯುವ ಮಾತು. ಅಷ್ಟು ಕಾಲ ಅವನಿಗಿದೆಯೇ ಎಂದು ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಕೆಲವು ತಿಂಗಳು ಕಳೆದು, ಹೋದ ಸೋಮವಾರ ಸಂಜೆ ತಂಗಿಯ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದ. ತಿರುವಿನಲ್ಲಿ ನಾನು ಕುರ್ಚಿ ಹಾಕಿ ಕೂರಿಸಬೇಕಾಯಿತು. ಹೊಸ ಎಕ್ಸ್‌ರೇಯಲ್ಲಿ ಬೇರಿನ ತುದಿ ಚೆನ್ನಾಗಿತ್ತು. ಅದು ಅವನಿಗೆ ಸಾಲಲಿಲ್ಲ. ಹತ್ತಿಯ ಮೇಲೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದ. ಸತ್ತ ಹಲ್ಲಿಗೆ ತಣ್ಣಗಿರುವುದು ತಿಳಿಯುವುದಿಲ್ಲ; ನರ ಚೆನ್ನಾಗಿದ್ದರೆ ಜುಂ ಎಂದು ಒಡನೆಯೇ ಬಿಟ್ಟುಹೋಗುತ್ತದೆ.

ತಂಗಿ ಬೆಚ್ಚಿ ಅವನ ಮಣಿಕಟ್ಟು ಹಿಡಿದಳು. "ಅಬ್ಬಾ, ಜುಂ ಅಂತು ಅಣ್ಣಾ."

"ಈಗ?"

"ಹೋಯ್ತು."

ಅವನು ತಲೆಯಾಡಿಸಿದ. ಕೈ ತೊಳೆದುಕೊಂಡು ಬಂದು ದೀಪ ಆರಿಸಿದ.

ಮುಂದಿನದು ತಂಗಿ ಹೇಳಿದ್ದು. ಆ ರಾತ್ರಿ ಊಟಕ್ಕೆ ಕೂತಾಗ ತನ್ನ ಬ್ರೆಡ್ಡಿನ ಗಟ್ಟಿ ಅಂಚನ್ನು ಮುರಿದು ಅವಳ ತಟ್ಟೆಗೆ ಹಾಕಿದನಂತೆ. ಅವಳು ಅದನ್ನು ಬಲಗಡೆಗೆ ತಳ್ಳಿಕೊಂಡು ಅಗಿದು ಮುಗಿಸುವ ತನಕ ನೋಡುತ್ತ ಕೂತಿದ್ದು, ಮಲಗಲು ಎದ್ದನಂತೆ.