ನಿದ್ದೆಗೆ ಒಗ್ಗುವ ಕಾರ್ಡು

ಬೀದಿಯವರೆಲ್ಲ ಅವಳನ್ನು ಬೀರು ಅಕ್ಕ ಎಂದೇ ಕರೆಯುವುದು. ಅವಳು ಬೀರು ಮಾಡುವವಳಲ್ಲ, ಬೀರುವಿನ ಚಿತ್ರ ಮಾಡುವವಳು. ಬಡಗಿ ಮರಕ್ಕೆ ಗರಗಸ ಇಡುವ ಮೊದಲೇ ಬೀರು, ಮಂಚ, ಅಡುಗೆಮನೆಯ ಕಪಾಟು ಎಲ್ಲವೂ ಅವಳ ಮನೆಯ ಕಂಪ್ಯೂಟರಿನಲ್ಲಿ ತಯಾರಾಗಿ ನಿಂತಿರುತ್ತವೆ. ಗಿರಾಕಿ ಕುಳಿತಲ್ಲೇ ಬಾಗಿಲು ತೆರೆಸಿ ನೋಡಬಹುದು, ಬಣ್ಣ ಬದಲಾಯಿಸಬಹುದು, ತಿರುಗಿಸಿ ಬೆನ್ನನ್ನೂ ನೋಡಬಹುದು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಕಿಟಕಿ ಕಡೆ ಅವಳ ಮೇಜು, ಗೋಡೆ ಕಡೆ ಗಂಡನ ಮಂಚ. ಗಂಡನಿಗೆ ಐಸ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಯಂತ್ರ ಕಾಯುವ ಕೆಲಸ. ಬೆಳಿಗ್ಗೆ ಬಂದು ಉಂಡು ಅವನು ಮಲಗುವ ಹೊತ್ತಿಗೆ ಇವಳ ಕೆಲಸ ಶುರು. ಹಾಗಾಗಿ ಸಂಸಾರವೆಲ್ಲ ತುದಿಗಾಲಲ್ಲೇ ನಡೆದು ಬಂದಿತ್ತು. ಪಾತ್ರೆಯನ್ನು ಬಟ್ಟೆ ಹಾಸಿ ಇಡುವಳು. ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡುವಳು. ಅವಳ ಕೈಮೀರಿದ ಸದ್ದು ಒಂದೇ ಒಂದು. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಚಿತ್ರಗಳನ್ನು ಪರದೆಗೆ ಎಳೆದು ತರುವ ಗ್ರಾಫಿಕ್ಸ್ ಕಾರ್ಡು ಒಂದಿತ್ತಲ್ಲ, ಅದರ ಫ್ಯಾನು ದಿನವಿಡೀ ಗುರ್ರೆನ್ನುತ್ತಿತ್ತು.

ಗಂಡ ಅದರ ಬಗ್ಗೆ ಒಂದು ಮಾತೂ ಆಡಿದವನಲ್ಲ. ಆಡದಿದ್ದುದರಿಂದಲೇ ಇವಳಿಗೆ ಹೆಚ್ಚು ಸಂಕಟ. ಕೊನೆಗೆ ಪೆಟ್ಟಿಗೆಗೆ ಹಳೆಯ ರಗ್ಗು ಹೊದಿಸಿದಳು. ಸದ್ದೇನೋ ತಗ್ಗಿತು. ಆದರೆ ಬೆಚ್ಚಗೆ ಹೊದ್ದು ಕುಳಿತ ಕಾರ್ಡು ಒಳಗೊಳಗೇ ಬೆಂದು, ತೆವಳತೊಡಗಿತು.

ಒಂದು ದಿನ ಗಿರಾಕಿಯೊಬ್ಬರನ್ನು ಕರೆತಂದು ಚಿತ್ರ ತೋರಿಸಿದ ಬಡಗಿ ಹೇಳಿಯೇಬಿಟ್ಟ. "ಅಕ್ಕಾ, ನಿನ್ನ ಬೀರು ಬಾಗಿಲು ತೆರೆಯೋ ಹೊತ್ಗೆ ಗಿರಾಕಿ ನಿನ್ನ ಮನೆ ಬಾಗಿಲು ದಾಟಿ ಹೋಗಿರ್ತಾರೆ."

ಮರುವಾರ ಪರದೆಯ ತುಂಬ ಅಡ್ಡಗೆರೆ ಎಳೆದು ಕಾರ್ಡು ಕಣ್ಣು ಮುಚ್ಚಿತು.

ಅಂಗಡಿಯವನು ರಗ್ಗಿನ ಕಥೆ ಕೇಳಿ ಹಣೆ ಚಚ್ಚಿಕೊಂಡ. "ಕಂಪ್ಯೂಟರಿಗೆ ಚಳಿಜ್ವರ ಬಂದಿತ್ತಾ ಅಕ್ಕಾ?" ಎಂದು, ಗಾಜಿನ ಕಪಾಟಿನಿಂದ ಡಬ್ಬಿಗಳನ್ನು ಇಳಿಸುತ್ತ ಒಂದೊಂದರ ಮೆಮೊರಿ, ವೇಗ, ಬಣ್ಣದ ದೀಪಗಳ ಗುಣಗಾನ ಮಾಡಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಇವುಗಳಲ್ಲಿ ಸದ್ದು ಮಾಡದೇ ಇರೋದು ಯಾವುದು?"

"ಎಲ್ಲ ವೇಗ ಕೇಳ್ತಾರೆ, ನೀವೊಬ್ರೇ ಮೌನ ಕೇಳೋದು" ಎಂದ ಅವನು, ಫ್ಯಾನೇ ಇಲ್ಲದ ಒಂದು ಕಾರ್ಡನ್ನು ತೆಗೆದು ಮುಂದಿಟ್ಟ. ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳು. "ಬೀರು ತಿರುಗಿಸೋಕೆ ಇಷ್ಟು ಸಾಕು. ರಗ್ಗು ಮಾತ್ರ ಹೊದಿಸಬೇಡಿ."

ಹೊಸ ಕಾರ್ಡು ಹಾಕಿಸಿದ ದಿನ ಕೋಣೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಮೊದಲ ಬಾರಿಗೆ ಕೇಳಿಸಿತು. ಬೀರುವಿನ ಬಾಗಿಲುಗಳು ಬೆಣ್ಣೆಯ ಹಾಗೆ ತೆರೆದುಕೊಂಡವು. ಇಷ್ಟು ವರ್ಷಕ್ಕೆ ಗಂಡನಿಗೊಂದು ನೆಮ್ಮದಿಯ ನಿದ್ದೆ ತಂದುಕೊಟ್ಟೆನಲ್ಲ ಎಂದು ಅವಳ ಮನಸ್ಸು ಹಗುರವಾಯಿತು.

ಗಂಡನೋ ಮಲಗಿದ ಸ್ವಲ್ಪ ಹೊತ್ತಿಗೇ ಗಡಬಡಿಸಿ ಎದ್ದು ಕುಳಿತ. ಸುತ್ತ ನೋಡಿ, ನೀರು ಕುಡಿದು, ಮತ್ತೆ ಮಲಗಿದ. ಮತ್ತೆ ಎದ್ದ. ಮಾರನೆಯ ದಿನವೂ ಹಾಗೆಯೇ. ಸೆಕೆಯಿರಬೇಕೆಂದು ಅವಳು ಕಿಟಕಿ ತೆರೆದಳು. ಬೆಳಕಿರಬೇಕೆಂದು ಪರದೆ ಎಳೆದಳು. "ಏನಾಗ್ತಿದೆ ನಿಮಗೆ?" ಎಂದರೆ "ಏನಿಲ್ಲ ಬಿಡು" ಎನ್ನುವನು. ಕಣ್ಣುಗಳು ಕೆಂಡದಂತಾದವು. ಪಾಳಿಯಲ್ಲಿ ತೂಕಡಿಸುವುದನ್ನು ಸೂಪರ್‌ವೈಸರ್ ಕಂಡು, ಇನ್ನೊಮ್ಮೆ ಕಂಡರೆ ಮನೆಯಲ್ಲೇ ಮಲಗಿಕೋ ಎಂದು ಗದರಿಸಿದನಂತೆ. ಆ ಸುದ್ದಿಯೂ ಗಂಡನ ಬಾಯಿಂದ ಬರಲಿಲ್ಲ. ಅದೇ ಕಾರ್ಖಾನೆಗೆ ಬಾಗಿಲು ಹಾಕಿಕೊಟ್ಟಿದ್ದ ಬಡಗಿ ಹೇಳಿದ. ಆ ಕೆಲಸ ಹೋದರೆ, ಈ ವಯಸ್ಸಿನಲ್ಲಿ ಅವನಿಗೆ ಬೇರೆಲ್ಲಿ ಕೆಲಸ?

ಹೀಗಿರುವಾಗ ಮೇಲಿನ ಮನೆಯವರು ನೆಲ ಒಡೆಸಲು ಶುರು ಮಾಡಿದರು. ಡ್ರಿಲ್ಲಿನ ಅಬ್ಬರಕ್ಕೆ ಅಡುಗೆಮನೆಯ ಲೋಟಗಳು ಕುಣಿದವು. ಇವತ್ತು ಮುಗಿಯಿತು ಕಥೆ ಎಂದುಕೊಂಡು ಅವಳು ಮೇಲೆ ಹೋಗಿ ಬೇಡಿಕೊಳ್ಳಲು ಚಪ್ಪಲಿ ಮೆಟ್ಟಿದಳು. ಹೊರಡುವ ಮುಂಚೆ ಮಂಚದ ಕಡೆ ನೋಡಿದರೆ, ಗಂಡ ಬಾಯಿ ತೆರೆದುಕೊಂಡು, ಸತ್ತವರಂತೆ ಮಲಗಿದ್ದಾನೆ. ಅವಳು ಚಪ್ಪಲಿ ಕಳಚಿ, ಸದ್ದಿಲ್ಲದೆ ಕುರ್ಚಿಯಲ್ಲಿ ಕುಳಿತು ಅವನನ್ನೇ ನೋಡಿದಳು. ಮಧ್ಯಾಹ್ನ ಕೆಲಸದವರು ಊಟಕ್ಕೆಂದು ಡ್ರಿಲ್ ನಿಲ್ಲಿಸಿದರು. ನಿಲ್ಲಿಸಿದ್ದೇ ತಡ, ಅವನು ಧಡಕ್ಕನೆ ಎದ್ದು ಕುಳಿತ.

"ಯಾವುದು ನಿಂತಿತು?"

"ಮೇಲಿನವರ ಡ್ರಿಲ್ಲು. ಯಾಕೆ, ನಿಂತ್ರೆ ಒಳ್ಳೇದಲ್ವಾ?"

ಅವನು ಮುಖ ಒರೆಸಿಕೊಂಡ. "ಕಾರ್ಖಾನೇಲಿ ಯಂತ್ರದ ಸದ್ದು ನಿಂತ್ರೆ ಐಸೆಲ್ಲ ನೀರಾಯ್ತು ಅಂತ ಅರ್ಥ ಕಣೇ. ಇಷ್ಟು ವರ್ಷ ಅದನ್ನೇ ಕೇಳಿದ ಕಿವಿ. ಸದ್ದಡಗಿದ್ರೆ ಎದೆ ಧಸಕ್ ಅನ್ನುತ್ತೆ."

"ಮತ್ತೆ ನಮ್ಮ ಹಳೇ ಕಾರ್ಡು ಗುರುಗುಡ್ತಿದ್ದಾಗ?"

"ಎಲ್ಲ ಸರಿಯಾಗಿದೆ ಅನ್ಸೋದು. ಮಲಗ್ತಿದ್ದೆ."

"ಬಾಯಲ್ಲಿ ಮುತ್ತಿತ್ತಾ ಹೇಳೋಕೆ?"

"ನೀನು ನನಗೋಸ್ಕರ ಹುಡುಕಿ ತಂದಿದ್ದೆ. ಹೇಗೆ ಹೇಳ್ಲಿ?"

ಅವಳು ಬೈಯಲು ಬಾಯಿ ತೆರೆದವಳು, ನಗುವೂ ಅಳುವೂ ಒಟ್ಟಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ರಗ್ಗು ಹೊದಿಸಿದವಳು ತಾನು, ನಿದ್ದೆ ಕೆಡಿಸಿದವಳೂ ತಾನು. ಒಂದು ಮಾತು ಅವನು ಆಡಲಿಲ್ಲ, ಒಂದು ಮಾತು ಇವಳು ಕೇಳಲಿಲ್ಲ.

ಅಂದೇ ಇಬ್ಬರೂ ಅಂಗಡಿಗೆ ಹೋದರು.

"ಮೌನ ಸಾಕಾಯ್ತಾ ಅಕ್ಕಾ?"

"ಇವರಿಗೆ ಸಾಕಾಯ್ತು. ಒಂದು ಕುರ್ಚಿ ಹಾಕಿ, ಇವರು ಕೇಳಿ ಆರಿಸ್ತಾರೆ."

ಅಂಗಡಿಯವನು ಮುಚ್ಚಳವಿಲ್ಲದ ಕಂಪ್ಯೂಟರ್ ಒಂದಕ್ಕೆ ಕಾರ್ಡು ಸಿಕ್ಕಿಸಿ ಚಾಲೂ ಮಾಡಿದ. ಗಂಡ ಕಣ್ಣು ಮುಚ್ಚಿಕೊಂಡು ಕೇಳಿದ. "ಇದು ಸಿಳ್ಳೆ ಹೊಡೀತದೆ" ಎಂದ. ಎರಡನೆಯದು ದುಬಾರಿಯದು. ಕೆಲಸವಿಲ್ಲದಾಗ ಇದರ ಫ್ಯಾನು ತಾನಾಗಿಯೇ ನಿಂತುಬಿಡುತ್ತದೆ ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ.

"ನಿಲ್ಲೋದು ಬೇಡಪ್ಪಾ" ಎಂದ ಗಂಡ, ಕಣ್ಣು ತೆರೆಯದೆ.

ಮೂರನೆಯದನ್ನು ಕಪಾಟಿನ ತಳದಿಂದ ತೆಗೆದು ಧೂಳು ಊದಿ ಹಾಕಿದ. ಹಳೆಯ ಮಾದರಿ, ಹಚ್ಚಿದ ಗಳಿಗೆಯಿಂದ ಫ್ಯಾನು ಒಂದೇ ಸಮನೆ ಗುಂಯ್ಯೆನ್ನುತ್ತಿತ್ತು. ಬೀರು ಅಕ್ಕ ತನ್ನ ಕೆಲಸಕ್ಕೆ ಇದು ಸಾಲುತ್ತದೆಯೇ ಎಂದು ಕೇಳಿದಳು. ಸಾಲುತ್ತದೆ ಎಂದ ಅಂಗಡಿಯವನು.

"ಇದು ಹೇಗಿದೆ?" ಎಂದು ಅವಳು ಗಂಡನ ಕಡೆ ತಿರುಗಿದಳು. ಗದ್ದ ಎದೆಗೆ ತಾಗಿತ್ತು. ತುಟಿ ಸಡಿಲವಾಗಿತ್ತು.

ಅಂಗಡಿಯವನು ದನಿ ತಗ್ಗಿಸಿದ. "ಪ್ಯಾಕ್ ಮಾಡ್ಬೇಕಂದ್ರೆ ಆಫ್ ಮಾಡ್ಲೇಬೇಕಲ್ಲಕ್ಕಾ?"

"ಆಮೇಲೆ ಮಾಡಿ" ಎಂದು ಅವಳು ಇನ್ನೊಂದು ಕುರ್ಚಿ ಎಳೆದುಕೊಂಡಳು. ಅದು ನೆಲಕ್ಕೆ ಕೆರೆದು ಕಿರ್ರೆಂದಿತು. ಈ ಸಲ ಅವಳು ಬೆಚ್ಚಲಿಲ್ಲ.