ಮುಂದಿನ ಬ್ರೇಕು, ಅಪ್ಪನ ಬಲಗಾಲು

ಅಪ್ಪ ಠಾಣೆ ನಗರದ ಹತ್ತಿರದ ಕೋಪರಖೈರಣೆಯಲ್ಲಿ ಜೀವಮಾನವಿಡೀ ಇಡ್ಲಿ-ದೋಸೆಯ ಹೋಟೆಲು ನಡೆಸಿದವರು. ಅವರಿಗೆ ಚಟ ಅಂತ ಇದ್ದದ್ದು ಒಂದೇ, ಎರಡೇ ಸೀಟಿನ ಒಂದು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹೋಟೆಲಿಗೆ ಬರುತ್ತಿದ್ದ ಪಾರ್ಸಿ ಗಿರಾಕಿಯೊಬ್ಬರು ದೇಶ ಬಿಡುವಾಗ ಇವರಿಗೆ ಮಾರಿಹೋದದ್ದು. ಮಗಳಾದ ನನಗಿಂತ ಆ ಕಾರಿಗೇ ಅಪ್ಪ ಹೆಚ್ಚು ಸ್ನಾನ ಮಾಡಿಸಿದ್ದಾರೆ ಎಂದು ಅಮ್ಮ ಈಗಲೂ ಚುಚ್ಚುತ್ತಾಳೆ.

ಕಳೆದ ವರ್ಷ ಮಾಜಿವಾಡಾ ಸಿಗ್ನಲ್ಲಿನಲ್ಲಿ ಅಪ್ಪ ಬ್ರೇಕು ಒತ್ತಿದರೆ ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಒಂದು ರಿಕ್ಷಾಕ್ಕೆ ಸವರಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ರಿಕ್ಷಾದವನು "ಆಜೋಬಾ, ಆತಾ ಘರೀ ಬಸಾ" ಎಂದುಬಿಟ್ಟ. ಅಜ್ಜ, ಇನ್ನು ಮನೆಯಲ್ಲಿ ಕೂತಿರಿ ಅಂತ. ಆ ಮಾತು ನಾಟಿತು. ಮೊದಲೇ ನೋಯುತ್ತಿದ್ದ ಬಲಗಾಲನ್ನು ಅಪ್ಪ ಅಂದಿನಿಂದ ಸಂಶಯದಲ್ಲೇ ನೋಡತೊಡಗಿದರು.

ಮುಂದಿನ ಚಕ್ರಗಳಲ್ಲಿದ್ದದ್ದು ಹಳೆಯ ಕಾಲದ ಡ್ರಮ್ ಬ್ರೇಕು. ತೆಗೆಸಿ ಡಿಸ್ಕ್ ಹಾಕಿಸೋಣ ಎಂದೆ.

"ಹಾಕಿಸು. ಆಮೇಲೂ ನೆಟ್ಟಗೆ ನಿಲ್ಲದಿದ್ರೆ ದೋಷ ಕಾರಿನದ್ದಲ್ಲ, ನನ್ನ ಕಾಲಿನದ್ದು. ಮತ್ತೆ ನಾನು ಸ್ಟೇರಿಂಗು ಮುಟ್ಟೂದಿಲ್ಲ," ಎಂದರು ಅಪ್ಪ.

ಠಾಣೆ ನಗರದ ಮೆಕ್ಯಾನಿಕ್ ಒಬ್ಬ ನಮ್ಮ ಬಿಲ್ಡಿಂಗಿನ ಕೆಳಗೇ ಬಂದು ಕೆಲಸ ಹಿಡಿದ. ನಾನು ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತೆ. ಯಾವುದಕ್ಕೂ ಕಾರಣ ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಡ್ರಮ್ ಎಂದರೆ ಮುಚ್ಚಿದ ಡಬರಿ ಪಾತ್ರೆ, ಬ್ರೇಕು ಒಳಗಿನಿಂದ ಒತ್ತುತ್ತದೆ. ಬಿಸಿಯಾದರೆ ಹಿಡಿತ ಹೋಗುತ್ತದೆ. ಡಿಸ್ಕ್ ಎಂದರೆ ಗಾಳಿಯಲ್ಲಿ ತಿರುಗುವ ಬೀಡುಕಬ್ಬಿಣದ ತಟ್ಟೆ, ಎರಡೂ ಬದಿಯಿಂದ ಪ್ಯಾಡುಗಳು ಕಚ್ಚಿ ಹಿಡಿಯುತ್ತವೆ. ಎಷ್ಟು ಸರಳ! ಮೆಕ್ಯಾನಿಕ್ ಎರಡು ಡಿಸ್ಕನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಎಡಗಡೆಯದನ್ನು ಕೂರಿಸಿದ. ಅಷ್ಟರಲ್ಲಿ ಮಳೆ ಹೊಡೆಯಿತು. ಬಲಗಡೆಯದನ್ನು ನಮ್ಮ ಮನೆಯಲ್ಲಿಟ್ಟು ಹೋಗಿ, ಮರುದಿನ ಬಂದು ಹಾಕಿದ.

ಭಾನುವಾರ ಬೆಳಿಗ್ಗೆ ನಮ್ಮ ಸೆಕ್ಟರಿನ ಖಾಲಿ ರಸ್ತೆಯಲ್ಲಿ ಅಪ್ಪ ಬ್ರೇಕು ಒತ್ತಿದರು. ಕಾರು ಎಡಕ್ಕೇ ಎಳೆಯಿತು. ಅಪ್ಪ ಇಳಿದು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಓಡಿಸಿದೆ, ನನಗೂ ಎಳೆಯಿತು.

"ನೋಡಿ ಅಪ್ಪ, ನನಗೂ ಹಾಗೇ ಆಯ್ತು! ಒಂದೇ ಪೆಡಲ್ಲು ಎರಡೂ ಚಕ್ರಕ್ಕೆ. ಕಾಲು ಒಂದೇ ಕಡೆಗೆ ಎಳೆಯೂದು ಹೇಗೆ?"

"ಸಮಾಧಾನಕ್ಕೆ ಹೇಳ್ಬೇಡ," ಎಂದರು. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಅನ್ನ ಕಲಸಿ, ಹಾಗೇ ಬಿಟ್ಟು ಎದ್ದರು. ಬರೀ ವಾದದಿಂದ ಆಗುವುದಿಲ್ಲ, ಕಾರಣವನ್ನೇ ಕೈಯಲ್ಲಿ ಹಿಡಿದು ತೋರಿಸಬೇಕು ಎಂದು ನನಗೆ ಹಟ ಬಂತು.

ಸಂಜೆ ಮೆಕ್ಯಾನಿಕ್‌ನನ್ನು ಕರೆಸಿ ಬಲಚಕ್ರ ಬಿಚ್ಚಿಸಿದೆ. ಪ್ಯಾಡುಗಳು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. "ತೇಲ್ ಲಾಗಲಂಯ್," ಎಂದ ಅವನು. ಎಣ್ಣೆ ಕುಡಿದಿವೆ. ಎಲ್ಲಿಂದ ಬಂತು ಮಾರಾಯ, ಎಂದೆ. ಪೈಪು ಸೋರುತ್ತಿಲ್ಲ, ಸೀಲು ಹೊಸತು. ಅವನೂ ತಲೆ ಕೆರೆದುಕೊಂಡ. ಒಂದು ಪ್ಯಾಡನ್ನು ಮೂಗಿನ ಹತ್ತಿರ ಹಿಡಿದೆ. ಇಂಜಿನ್ ಎಣ್ಣೆಯ ವಾಸನೆಯಲ್ಲ, ಎಲ್ಲೋ ಗೊತ್ತಿದ್ದ ವಾಸನೆ. ತಡೆಯಲಾಗದೆ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಓಡಿದೆ.

ಅಮ್ಮ ಮೂಸಿದವಳೇ, "ಇದು ನಮ್ಮ ತೆಂಗಿನೆಣ್ಣೆ ಅಲ್ವಾ?" ಎಂದಳು. ಆಮೇಲೆ ಅವಳ ಮುಖ ಸಣ್ಣಗಾಯಿತು. "ಮಳೆಯ ದಿನ ಅವನು ಇಲ್ಲಿಟ್ಟು ಹೋದ ಆ ತಟ್ಟೆಗೆ ನಾನೇ ಸವರಿದ್ದು. ಬೀಡಿನದ್ದಲ್ವಾ? ಹೊಸ ಕಾವಲಿಯನ್ನು ಈ ಮಳೆಯಲ್ಲಿ ಬರಿಮೈ ಬಿಟ್ರೆ ಬೆಳಿಗ್ಗೆಗೆ ತುಕ್ಕು ಹಿಡೀತದೆ. ಎಣ್ಣೆ ತಿಕ್ಕಿ, ಕುಡಿಯಲಿ ಅಂತ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಚೆಂದ ಮಾಡಿ ಒರೆಸಿಟ್ಟೆ. ಅಯ್ಯೋ ದೇವರೇ, ಹೆಚ್ಚುಕಮ್ಮಿ ಆಗಿದ್ರೆ!"

ಹೋಟೆಲಿನಲ್ಲಿ ಅದೆಷ್ಟು ದೋಸೆ ಕಾವಲಿಗಳನ್ನು ಹೀಗೆ ಪಳಗಿಸಿದ ಕೈ! ದೋಸೆ ಅಂಟಬಾರದು ಎಂದು ಮಾಡುವ ಉಪಚಾರವನ್ನು, ಅಂಟಿ ಹಿಡಿಯಲೇಬೇಕಾದ ಬ್ರೇಕಿಗೆ ಮಾಡಿದ್ದಳು.

ಹೊರಕೋಣೆಯಲ್ಲಿ ಕೂತಿದ್ದ ಅಪ್ಪ ಎದ್ದು ಬಂದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬೈಯಿರಿ, ನನ್ನದೇ ತಪ್ಪು," ಎಂದಳು.

"ಎಣ್ಣೆಯಾ?" ಎಂದರು ಅಪ್ಪ. "ನಿಜವಾಗಿ ಎಣ್ಣೆಯಾ? ಹಾಗಾದ್ರೆ ನನ್ನ ಕಾಲಲ್ಲ!"

"ಅಲ್ಲ ಅಪ್ಪ."

"ಎಂತ ಅಳ್ತೀಯ ಮಾರಾಯ್ತಿ, ನಾಲ್ಕು ದೋಸೆ ಹುಯ್ಯಿ, ಹಸಿವೆಯಾಗ್ತದೆ!"

ಡಿಸ್ಕನ್ನು ಮತ್ತೆ ತೊಳೆಸಿ, ಹೊಸ ಪ್ಯಾಡು ಹಾಕಿಸಿದ ದಿನ ಅದೇ ರಸ್ತೆಗೆ ಹೋದೆವು. ನಾನು ಪಕ್ಕದ ಸೀಟಿನಲ್ಲಿದ್ದೆ. ಅಪ್ಪ ಒತ್ತಿದರು. ಕಾರು ದಾರ ಹಿಡಿದಂತೆ ನೆಟ್ಟಗೆ ನಿಂತಿತು. ಖುಷಿಯಲ್ಲಿ ನನಗೆ ಅಳುವೇ ಬಂತು. ಅಪ್ಪ ಮತ್ತೆ ಓಡಿಸಿದರು, ಮತ್ತೆ ನಿಲ್ಲಿಸಿದರು. ರಸ್ತೆಯ ತುದಿಯಲ್ಲಿ ತಿರುಗಿಸಿ ಬಂದು, ಮತ್ತೆ.

"ಸಾಕಪ್ಪ, ಗೊತ್ತಾಯ್ತಲ್ಲ," ಎಂದೆ.

"ನಿನಗೆ ಗೊತ್ತಾಯ್ತು. ಕಾಲಿಗೂ ಗೊತ್ತಾಗ್ಲಿ," ಎಂದು ಇನ್ನೊಮ್ಮೆ ಒತ್ತಿದರು.